ಕಾಫಿ ವರ್ಕ್ಸ್ ಸರ್ವರ್‌ಗೆ ಪಾರ್ಟಿಷನ್: ಯಾವುದಕ್ಕೆ ಎಷ್ಟು ಜಿಬಿ?

ಕ್ಯೂರಿಂಗ್_ಲೆಕ್ಕ (ಚಿಕ್ಕಮಗಳೂರು)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಆಫೀಸಿನಲ್ಲಿ ಲಿನಕ್ಸ್ ಮುಟ್ಟುವವನು ನಾನೊಬ್ಬನೇ, ಹಾಗಾಗಿ ಸರ್ವರ್ ಕೂಡ ನನ್ನ ತಲೆಗೇ ಬಂದಿದೆ.

ಈಗಿರುವುದು ಡೆಬಿಯನ್ 11. 250 ಜಿಬಿ ಎಸ್‌ಎಸ್‌ಡಿ, ಇಡೀ ಡಿಸ್ಕಿಗೆ ಒಂದೇ ಪಾರ್ಟಿಷನ್ (ಭಾಗ). ಹಿಂದೆ ಇದ್ದವರು ಹಾಗೆ ಹಾಕಿಸಿದ್ದರು. ಪೋಸ್ಟ್‌ಗ್ರೆಸ್ (ಬಿಲ್, ಖಾತೆ ಇರುವ ಡೇಟಾಬೇಸ್), ಗಾಡಿ ತೂಗುವ ವೇ ಬ್ರಿಡ್ಜ್ ಸಾಫ್ಟ್‌ವೇರ್, ಆಫೀಸಿನವರು ನೆಟ್‌ವರ್ಕ್‌ನಲ್ಲಿ ಹಂಚಿಕೊಳ್ಳುವ ಸಾಂಬಾ ಫೋಲ್ಡರ್ ಎಲ್ಲಾ ಅದರಲ್ಲೇ. ಮೊನ್ನೆ ಬೆಳಿಗ್ಗೆ ಬಿಲ್ಲಿಂಗ್ ನಿಂತುಹೋಯಿತು. ನೋಡಿದರೆ ಡಿಸ್ಕ್ ಫುಲ್. ರೊಬಸ್ಟಾ ಬರುವ ಸಮಯ, ಗೇಟಿನ ಹೊರಗೆ ಪಿಕಪ್‌ಗಳ ಸಾಲು. ತೂಕದ ಚೀಟಿ ಕೈಯಲ್ಲಿ ಬರೆದುಕೊಟ್ಟು ಹೇಗೋ ಸಾಗಿಸಿದೆವು. ಹಳೆ ಲಾಗ್, ಹಳೆ ಡೌನ್‌ಲೋಡ್ ಒಂದಷ್ಟು ಅಳಿಸಿ ರೀಬೂಟ್ ಮಾಡಿದ ಮೇಲೆ ಎದ್ದು ಕೂತಿದೆ.

ಮಾಲೀಕರು ಹೊಸ ಮಶೀನ್ ತರಿಸಿದ್ದಾರೆ. 16 ಜಿಬಿ ರ್‍ಯಾಮ್, 500 ಜಿಬಿ ಎಸ್‌ಎಸ್‌ಡಿ ಒಂದು, 2 ಟಿಬಿ ಹಾರ್ಡ್ ಡಿಸ್ಕ್ ಎರಡು. ಡೆಬಿಯನ್ 13 ಹಾಕಬೇಕು ಅಂತಿದ್ದೇನೆ. ಈ ಸಲ ಪಾರ್ಟಿಷನ್ ಸರಿಯಾಗಿ ಮಾಡಬೇಕು. ರೂಟ್‌ಗೆ (ಸಿಸ್ಟಮ್ ಇರುವ ‘/’) ಎಷ್ಟು, ವಾರ್‌ಗೆ (ಲಾಗ್, ಡೇಟಾ ಬೆಳೆಯುವ ಫೋಲ್ಡರ್) ಎಷ್ಟು, ಸ್ವಾಪ್ (ರ್‍ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಎಷ್ಟು? ಪ್ರತಿ ಗಾಡಿಗೂ ಎರಡು ಫೋಟೋ ತೆಗೆಯುತ್ತೇವೆ, ಅವೇ ಡಿಸ್ಕ್ ತುಂಬಿಸುತ್ತಿವೆ ಅಂತ ನನ್ನ ಅನುಮಾನ. ಸಿಸಿಟಿವಿ ರೆಕಾರ್ಡಿಂಗೂ ಇದರಲ್ಲೇ ಇರಲಿ ಅಂತ ಮಾಲೀಕರ ಆಸೆ.

ಡಿಪ್ಲೊಮಾ_ಹುಡುಗ (ಹಾಸನ)

ರೂಟ್ 50, ಹೋಮ್ (ಬಳಕೆದಾರರ ಫೈಲ್‌ಗಳಿಗೆ) 400, ಸ್ವಾಪ್ 32. ರ್‍ಯಾಮ್‌ನ ಎರಡರಷ್ಟು ಸ್ವಾಪ್ ಇರಬೇಕು ಅಂತ ನಮ್ಮ ನೋಟ್ಸ್‌ನಲ್ಲಿ ಇದೆ.

ಹಾಸನ_ರೂಟ್ (ಹಾಸನ)

ತಮ್ಮಾ, ಸ್ವಾಪ್ ವಿಷಯಕ್ಕೆ ಆಮೇಲೆ ಬರೋಣ.

ಲೆಕ್ಕದವರೇ, ಹೊಸದಕ್ಕೆ ಅಳತೆ ಹಾಕುವ ಮುಂಚೆ ಹಳೇದು ಯಾಕೆ ತುಂಬಿತು ಅಂತ ಗೊತ್ತಾಗಬೇಕಲ್ವಾ? ಇಲ್ಲದಿದ್ದರೆ 250ರ ಬದಲು 500 ತುಂಬುತ್ತದೆ, ಅಷ್ಟೇ. ರೂಟ್ ಯೂಸರ್ (ಎಲ್ಲಾ ಅಧಿಕಾರ ಇರುವ ಅಡ್ಮಿನ್) ಆಗಿ ಎರಡು ಕಮಾಂಡ್ ಕೊಟ್ಟು ಏನು ಬರುತ್ತದೆ ಹಾಕಿ. ‘ಡಿಎಫ್ -ಎಚ್ /’ ಮತ್ತು ‘ಡಿಯು -ಎಕ್ಸ್‌ಎಸ್‌ಎಚ್ /’. ಎರಡನೆಯದರಲ್ಲಿ ಎಕ್ಸ್ ಮರೆಯಬೇಡಿ, ಮರೆತರೆ ಬೇರೆ ಡಿಸ್ಕುಗಳನ್ನೂ ಸೇರಿಸಿ ಎಣಿಸುತ್ತದೆ.

ಫೋಟೋ ಲೆಕ್ಕವನ್ನು ಬಾಯಲ್ಲೇ ಮಾಡಬಹುದು. ಒಂದು ಫೋಟೋ ಎಷ್ಟು ಕೆಬಿ? ದಿನಕ್ಕೆ ಎಷ್ಟು ಗಾಡಿ?

ಕ್ಯೂರಿಂಗ್_ಲೆಕ್ಕ

ಫೋಟೋ ಸುಮಾರು 300 ಕೆಬಿ. ಸೀಸನ್ ಜೋರಿದ್ದಾಗ ದಿನಕ್ಕೆ 200 ಗಾಡಿ ಅಂತ ಇಟ್ಟುಕೊಳ್ಳಿ. ಬರುವಾಗ ಒಂದು, ಇಳಿಸಿ ಹೋಗುವಾಗ ಒಂದು.

ಡಿಎಫ್: ಒಟ್ಟು 229 ಜಿಬಿ, ಬಳಕೆ 215, ಉಳಿದದ್ದು 2.6.
ಡಿಯು: 61 ಜಿಬಿ.

ಒಂದು 215 ಅನ್ನುತ್ತದೆ, ಇನ್ನೊಂದು 61. ಯಾವುದನ್ನು ನಂಬಲಿ? ಮತ್ತೆ 229ರಲ್ಲಿ 215 ಕಳೆದರೆ 14 ಉಳಿಯಬೇಕು, 2.6 ಹೇಗೆ? ಲೆಕ್ಕದವನಿಗೆ ಇದನ್ನು ನೋಡಿದರೆ ನಿದ್ದೆ ಬರಲ್ಲ.

ಹಾಸನ_ರೂಟ್

ಎರಡೂ ನಿಜವನ್ನೇ ಹೇಳುತ್ತಿವೆ.

ಮೊದಲು ಚಿಕ್ಕದು. ಇಎಕ್ಸ್‌ಟಿ4 ಅನ್ನುವ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ) ಫಾರ್ಮ್ಯಾಟ್ ಮಾಡುವಾಗ ನೂರಕ್ಕೆ 5ರಷ್ಟು ಜಾಗವನ್ನು ರೂಟ್ ಯೂಸರ್‌ಗೆ ಅಂತ ತೆಗೆದಿಡುತ್ತದೆ. ನಿಮ್ಮ ಡಿಸ್ಕಿನಲ್ಲಿ ಅದು 11 ಜಿಬಿ ಚಿಲ್ಲರೆ. 14ರಲ್ಲಿ ಅದನ್ನು ಕಳೆದರೆ ನಿಮ್ಮ 2.6 ಬಂತು. ಮಾಮೂಲಿ ಯೂಸರ್‌ಗಳು ಡಿಸ್ಕ್ ತುಂಬಿಸಿದರೂ ರೂಟ್ ಒಳಗೆ ಬಂದು ಸರಿಮಾಡಲು ಸ್ವಲ್ಪ ಜಾಗ ಇರಲಿ ಅಂತ ಈ ಏರ್ಪಾಡು. ಪೋಸ್ಟ್‌ಗ್ರೆಸ್ ತನ್ನದೇ ಯೂಸರ್ ಹೆಸರಲ್ಲಿ ಓಡುತ್ತದೆ, ಆ 11 ಜಿಬಿ ಅದಕ್ಕೆ ಸಿಗುವುದಿಲ್ಲ.

ಇನ್ನು 154 ಜಿಬಿ ಎಲ್ಲಿ? ಡಿಯು ಫೋಲ್ಡರ್‌ಗಳಲ್ಲಿ ಕಾಣುವ ಫೈಲ್‌ಗಳನ್ನು ಮಾತ್ರ ಕೂಡಿಸುತ್ತದೆ. ಡಿಎಫ್ ಫೈಲ್ ಸಿಸ್ಟಮ್ಮನ್ನೇ ಕೇಳುತ್ತದೆ. ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಫೈಲ್ ಅಳಿಸಿದ್ದೀರಿ, ಆದರೆ ಯಾವುದೋ ಪ್ರೋಗ್ರಾಂ ಇನ್ನೂ ಅದನ್ನು ತೆರೆದುಕೊಂಡು ಕೂತಿದೆ. ಅದಕ್ಕೆ ‘ಎಲ್‌ಎಸ್‌ಒಎಫ್ +ಎಲ್1’ ನೋಡಬೇಕು. ಆದರೆ ನೀವು ರೀಬೂಟ್ ಮಾಡಿದ್ದೀರಿ, ಅಂಥದ್ದಿದ್ದರೆ ಆಗಲೇ ಬಿಟ್ಟುಹೋಗುತ್ತಿತ್ತು. ಹಾಗಾಗಿ ಎರಡನೇದು: ಯಾವುದೋ ಮೌಂಟ್ ಪಾಯಿಂಟ್ (ಬೇರೆ ಡಿಸ್ಕನ್ನು ಜೋಡಿಸಿ ತೋರಿಸುವ ಫೋಲ್ಡರ್) ಕೆಳಗೆ ಫೈಲ್‌ಗಳು ಅಡಗಿವೆ.

ಬ್ಯಾಕಪ್‌ಗೆ ಯುಎಸ್‌ಬಿ ಡಿಸ್ಕ್ ಏನಾದರೂ ಹಾಕಿದ್ದೀರಾ?

ಕ್ಯೂರಿಂಗ್_ಲೆಕ್ಕ

ಹೌದು ಸರ್! ರಾತ್ರಿ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಸ್ಕ್ರಿಪ್ಟ್ ಓಡುತ್ತದೆ. ಡೇಟಾಬೇಸ್ ಡಂಪ್ (ಪೂರ್ತಿ ನಕಲು) ತೆಗೆದು ತಾರೀಕಿನ ಹೆಸರಲ್ಲಿ ‘/ಬ್ಯಾಕಪ್’ ಫೋಲ್ಡರ್‌ಗೆ ಹಾಕುತ್ತದೆ. ಅಲ್ಲಿ ಯುಎಸ್‌ಬಿ ಡಿಸ್ಕ್ ಮೌಂಟ್ ಆಗಿದೆ, ಈಗಲೇ ನೋಡಿದೆ.

ಹಾಸನ_ರೂಟ್

*ಈಗ* ಮೌಂಟ್ ಆಗಿದೆ. ರೀಬೂಟ್ ಮಾಡುವ ಮುಂಚೆ ಆಗಿತ್ತಾ?

ಹೀಗೆ ಮಾಡಿ. ‘ಮೌಂಟ್ --ಬೈಂಡ್ / /ಎಂಎನ್‌ಟಿ’. ಆಮೇಲೆ ‘ಡಿಯು -ಎಸ್‌ಎಚ್ /ಎಂಎನ್‌ಟಿ/ಬ್ಯಾಕಪ್’. ರೂಟ್ ಫೈಲ್ ಸಿಸ್ಟಮ್ಮನ್ನು ಇನ್ನೊಂದು ಜಾಗದಲ್ಲಿ ತೋರಿಸುತ್ತದೆ, ಅದರ ಮೇಲೆ ಕೂತಿರುವ ಬೇರೆ ಡಿಸ್ಕುಗಳನ್ನು ತೋರಿಸುವುದಿಲ್ಲ. ಏನನ್ನೂ ಅಳಿಸಬೇಡಿ, ಸುಮ್ನೆ ನೋಡಿ.

ಕ್ಯೂರಿಂಗ್_ಲೆಕ್ಕ

154 ಜಿಬಿ. ಕರೆಕ್ಟಾಗಿ ಸಿಕ್ಕಿತು.

ಒಳಗೆ ತಾರೀಕಿನ ಫೋಲ್ಡರ್‌ಗಳು ಸಾಲಾಗಿವೆ. ಡಿಸೆಂಬರ್‌ನಲ್ಲಿ ಶುರು, ಸರ್ವರ್ ನಿಂತ ಹಿಂದಿನ ರಾತ್ರಿಯವರೆಗೂ ಇವೆ. ಕೊನೆಯದು ಅರ್ಧಕ್ಕೇ ನಿಂತಿದೆ. ಯುಎಸ್‌ಬಿ ಡಿಸ್ಕಿನಲ್ಲಿ ಆ ದಿನಗಳ ಒಂದೂ ಕಾಪಿ ಇಲ್ಲ. ಅಂದರೆ ಡಿಸೆಂಬರ್‌ನಲ್ಲಿ ಕರೆಂಟು ಹೋಗಿಬಂದಾಗಲೋ, ಯಾರೋ ಕೇಬಲ್ ಎಳೆದಾಗಲೋ ಡಿಸ್ಕ್ ಕಳಚಿಕೊಂಡಿದೆ. ಸ್ಕ್ರಿಪ್ಟ್‌ಗೆ ಅದು ಗೊತ್ತೇ ಇಲ್ಲ. ಖಾಲಿ ಫೋಲ್ಡರ್‌ಗೆ ದಿನಾ ಬರೆಯುತ್ತಾ ಹೋಗಿದೆ. ರೀಬೂಟ್ ಆದಾಗ ಡಿಸ್ಕ್ ಮತ್ತೆ ಮೌಂಟ್ ಆಗಿ ಎಲ್ಲವನ್ನೂ ಮುಚ್ಚಿಬಿಟ್ಟಿದೆ.

ಪಾಪ, ಫೋಟೋಗಳನ್ನು ಬೈದಿದ್ದು ದಂಡ.

ಒಂದೇ_ಸ್ಲ್ಯಾಶ್ (ಸಕಲೇಶಪುರ)

ಸ್ಕ್ರಿಪ್ಟ್ ರೂಟ್ ಕ್ರಾನ್‌ನಲ್ಲಿ ಓಡುತ್ತಿತ್ತು ಅಲ್ವಾ? ಹಾಗಿದ್ದರೆ ಆ ಕಾದಿಟ್ಟ ಐದು ಪರ್ಸೆಂಟನ್ನೂ ಅದೇ ತಿಂದಿರುತ್ತದೆ. ಬೇಲಿ ಇದ್ದದ್ದು ಮಾಮೂಲಿ ಯೂಸರ್‌ಗಳಿಗೆ, ಒಳಗೆ ನುಗ್ಗಿದ್ದು ರೂಟ್.

ಮೂಡಿಗೆರೆ_ತೋಟ (ಮೂಡಿಗೆರೆ)

ಇದು ನಮ್ಮಲ್ಲೂ ಆಗಬಹುದು ಅಂತ ಓದಿದ ತಕ್ಷಣ ಹೋಗಿ ನೋಡಿಬಂದೆ. ಆಗಿಲ್ಲ, ಪುಣ್ಯ. ಆದರೆ ಆಗದಂತೆ ತಡೆಯುವುದು ಹೇಗೆ?

ಹಾಸನ_ರೂಟ್

ಸ್ಕ್ರಿಪ್ಟ್‌ನ ಮೊದಲ ಸಾಲಲ್ಲೇ ‘ಮೌಂಟ್‌ಪಾಯಿಂಟ್ -ಕ್ಯು /ಬ್ಯಾಕಪ್ || ಎಕ್ಸಿಟ್ 1’ ಅಂತ ಹಾಕಿ. ಡಿಸ್ಕ್ ಇಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ. ನಿಂತಾಗ ಒಂದು ಮೆಸೇಜ್ ಬರುವಂತೆಯೂ ಮಾಡಿಕೊಳ್ಳಿ. ಇಲ್ಲದಿದ್ದರೆ ಡಿಸ್ಕ್ ತುಂಬುವುದಿಲ್ಲ ನಿಜ, ಬ್ಯಾಕಪ್ಪೂ ಇರುವುದಿಲ್ಲ.

ಇನ್ನೊಂದು ನನಗೆ ಇಷ್ಟವಾದ ಉಪಾಯ. ಯುಎಸ್‌ಬಿ ಡಿಸ್ಕ್ ಅನ್‌ಮೌಂಟ್ ಮಾಡಿ, ಆ ಖಾಲಿ ಫೋಲ್ಡರ್‌ಗೆ ‘ಸಿಎಚ್‌ಆ್ಯಟರ್ +ಐ /ಬ್ಯಾಕಪ್’ ಕೊಡಿ. ಆಮೇಲೆ ರೂಟ್ ಬಂದರೂ ಅದರೊಳಗೆ ಹೊಸ ಫೈಲ್ ಹುಟ್ಟಿಸಲು ಆಗುವುದಿಲ್ಲ. ಡಿಸ್ಕ್ ಮೌಂಟ್ ಆದಾಗ ಮಾಮೂಲಿಯಂತೆ ಬರೆಯಬಹುದು. ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅನ್ನುವ ಪಟ್ಟಿ) ಆ ಡಿಸ್ಕಿಗೆ ಯುಯುಐಡಿ (ಅದರದ್ದೇ ಗುರುತಿನ ಸಂಖ್ಯೆ) ಬಳಸಿ, ‘ನೋಫೇಲ್’ ಸೇರಿಸಿ. ಇಲ್ಲದಿದ್ದರೆ ಕೇಬಲ್ ಸಡಿಲವಾದ ದಿನ ಸರ್ವರ್ ಪೂರ್ತಿ ಮೇಲೇಳದೆ ಎಮರ್ಜೆನ್ಸಿ ಮೋಡ್‌ನಲ್ಲಿ ಕೂರುತ್ತದೆ.

ಈಗ ಅಳತೆಗೆ ಬರೋಣ. ‘ಯಾವುದಕ್ಕೆ ಎಷ್ಟು ಬೇಕು’ ಅಂತ ಶುರುಮಾಡಿದರೆ ಉತ್ತರ ಸಿಗುವುದಿಲ್ಲ, ಮುಂದಿನ ವರ್ಷ ಏನಾಗುತ್ತದೆ ಅಂತ ಯಾರಿಗೆ ಗೊತ್ತು? ‘ಇದು ತುಂಬಿದರೆ ಯಾರು ನಿಲ್ಲುತ್ತಾರೆ’ ಅಂತ ಕೇಳಿಕೊಳ್ಳಿ. ತಾನಾಗಿ ಬೆಳೆಯುವುದನ್ನೆಲ್ಲ ಒಂದು ಕಡೆ ಕಟ್ಟಿಹಾಕಿ. ನಿಲ್ಲಲೇಬಾರದ್ದನ್ನು ಅದರಿಂದ ದೂರ ಇಡಿ. ಲಾಗ್, ಡೌನ್‌ಲೋಡ್, ಸಾಂಬಾ, ಸಿಸಿಟಿವಿ ತಾನಾಗಿ ಬೆಳೆಯುತ್ತವೆ. ರೂಟ್ ಮತ್ತು ಪೋಸ್ಟ್‌ಗ್ರೆಸ್ ನಿಲ್ಲಬಾರದು.

500 ಜಿಬಿ ಅಂತ ಪೆಟ್ಟಿಗೆ ಮೇಲೆ ಬರೆದದ್ದು ಲಿನಕ್ಸ್‌ನಲ್ಲಿ 465 ಅಂತ ಕಾಣುತ್ತದೆ. ಅದನ್ನು ಹೀಗೆ ಹಂಚಿ.

ಜಿಪಿಟಿ ಟೇಬಲ್ (ಪಾರ್ಟಿಷನ್‌ಗಳ ಪಟ್ಟಿ). ಮಶೀನ್ ಶುರುವಾಗಲು ಬೇಕಾದ ಇಎಫ್‌ಐ ಪಾರ್ಟಿಷನ್ 1 ಜಿಬಿ. ಅರ್ಧ ಜಿಬಿ ಸಾಕು, ಆದರೆ ಡಿಸ್ಕಿನ ಮೊದಲಲ್ಲೇ ಇರುವ ಇದನ್ನು ಆಮೇಲೆ ದೊಡ್ಡದು ಮಾಡುವುದು ರಗಳೆ. ಬೂಟ್ 1 ಜಿಬಿ. ಒಂದೊಂದು ಕರ್ನಲ್ ಅಪ್‌ಡೇಟಿಗೂ ಹೊಸ ಇನಿಟ್‌ಆರ್‌ಡಿ (ಬೂಟ್ ಆಗುವಾಗ ಬೇಕಾದ ಫೈಲ್) ಬರುತ್ತದೆ, ಹತ್ತಾರು ಎಂಬಿ ತೂಕದ್ದು. 200 ಎಂಬಿ ಬೂಟ್ ಇಟ್ಟುಕೊಂಡವರು ಅಪ್‌ಡೇಟ್ ಅರ್ಧಕ್ಕೆ ನಿಂತು ಒದ್ದಾಡುವುದನ್ನು ನೋಡಿದ್ದೇನೆ.

ಉಳಿದದ್ದೆಲ್ಲ ಎಲ್‌ವಿಎಂಗೆ (ಆಮೇಲೂ ಅಳತೆ ಬದಲಿಸಬಹುದಾದ ಪಾರ್ಟಿಷನ್ ವ್ಯವಸ್ಥೆ). ಅದರೊಳಗೆ ರೂಟ್ 30 ಜಿಬಿ, ವಾರ್ 20, ಅದರ ಕೆಳಗಿನ ಲಾಗ್‌ಗೆ ಪ್ರತ್ಯೇಕವಾಗಿ 8, ಪೋಸ್ಟ್‌ಗ್ರೆಸ್ ಡೇಟಾಗೆ 60, ಹೋಮ್ 20, ಸ್ವಾಪ್ 8. ಒಟ್ಟು 146. ಮಿಕ್ಕ 300 ಜಿಬಿ ಚಿಲ್ಲರೆಯನ್ನು ಯಾರಿಗೂ ಕೊಡಬೇಡಿ, ಖಾಲಿ ಬಿಡಿ.

ಪೋಸ್ಟ್‌ಗ್ರೆಸ್‌ಗೆ ಬೇರೆ ಜಾಗ ಯಾಕೆ ಅಂದರೆ, ಅದು ಪ್ರತಿ ಬದಲಾವಣೆಯನ್ನೂ ಮೊದಲು ವಾಲ್ ಫೈಲ್‌ಗೆ ಬರೆಯುತ್ತದೆ. ಟೇಬಲ್ ಇರುವ ಕಡೆ ಜಾಗ ಸಾಲದಿದ್ದರೆ ಆ ಒಂದು ಕೆಲಸಕ್ಕೆ ಎರರ್ ಕೊಟ್ಟು ಸುಮ್ಮನಾಗುತ್ತದೆ. ವಾಲ್ ಬರೆಯಲು ಜಾಗ ಇಲ್ಲದಿದ್ದರೆ ಇಡೀ ಸರ್ವಿಸ್ ಪ್ಯಾನಿಕ್ ಅಂತ ಹೇಳಿ ಮಲಗುತ್ತದೆ. ಮೊನ್ನೆ ಬೆಳಿಗ್ಗೆ ನಿಮಗೆ ಆಗಿದ್ದು ಇದೇ ಇರಬೇಕು, ಲಾಗ್‌ನಲ್ಲಿ ಹುಡುಕಿ.

ಹಾರ್ಡ್ ಡಿಸ್ಕ್ ಎರಡನ್ನೂ ಎಂಡಿಆ್ಯಡ್ಮ್‌ನಲ್ಲಿ ರೇಡ್ 1 (ಎರಡು ಡಿಸ್ಕಿನಲ್ಲೂ ಅದೇ ಡೇಟಾ) ಮಾಡಿ, ಅದರ ಮೇಲೆ ಇನ್ನೊಂದು ಎಲ್‌ವಿಎಂ. ಫೋಟೋ ಮತ್ತು ಸಾಂಬಾಗೆ 500 ಜಿಬಿ, ರಾತ್ರಿಯ ಡಂಪ್‌ಗೆ 200. ನಿಮ್ಮದೇ ಲೆಕ್ಕದಲ್ಲಿ ದಿನಕ್ಕೆ 400 ಫೋಟೋ, ಅಂದರೆ 120 ಎಂಬಿ. ನೂರು ದಿನದ ಸೀಸನ್‌ಗೆ 12 ಜಿಬಿ. ಹತ್ತು ಸೀಸನ್ ಇಟ್ಟರೂ 120.

ಕ್ಯೂರಿಂಗ್_ಲೆಕ್ಕ

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಲಾಗ್ ನೋಡಿದೆ, ಪ್ಯಾನಿಕ್ ಸಾಲು ಇದೆ. ಆದರೆ 300 ಜಿಬಿ ಖಾಲಿ ಬಿಡಿ ಅಂದರೆ ಮಾಲೀಕರಿಗೆ ಏನು ಹೇಳಲಿ? ದುಡ್ಡು ಕೊಟ್ಟು ತಂದ ಡಿಸ್ಕು.

ಹಾಸನ_ರೂಟ್

ಬೆಳೆಸುವುದು ಸುಲಭ, ಕುಗ್ಗಿಸುವುದು ಕಷ್ಟ ಅಂತ ಹೇಳಿ. ವಾರ್ ಸಾಲದಾದರೆ ‘ಎಲ್‌ವಿಎಕ್ಸ್‌ಟೆಂಡ್ -ಆರ್ -ಎಲ್ +10ಜಿ’ ಅಂದರೆ ಮುಗಿಯಿತು. ಸರ್ವರ್ ನಿಲ್ಲಿಸಬೇಕಿಲ್ಲ, ವೇ ಬ್ರಿಡ್ಜ್ ಮೇಲೆ ಗಾಡಿ ನಿಂತಿದ್ದರೂ ನಡೆಯುತ್ತದೆ. ಅದೇ ಇಎಕ್ಸ್‌ಟಿ4 ಕುಗ್ಗಿಸಬೇಕು ಅಂದರೆ ಅನ್‌ಮೌಂಟ್ ಮಾಡಲೇಬೇಕು. ಎಕ್ಸ್‌ಎಫ್‌ಎಸ್ ಅನ್ನುವ ಇನ್ನೊಂದು ಫೈಲ್ ಸಿಸ್ಟಮ್ ಹಾಕಿದ್ದರೆ ಕುಗ್ಗಿಸುವ ಮಾತೇ ಬಿಡಿ. ಮೊದಲೇ ಹೋಮ್‌ಗೆ 400 ಕೊಟ್ಟುಬಿಟ್ಟರೆ ಅದನ್ನು ವಾಪಸ್ ಇಸ್ಕೊಳ್ಳೋಕೆ ಒಂದು ಭಾನುವಾರ ಹೋಗುತ್ತದೆ.

ಒಂದೇ_ಸ್ಲ್ಯಾಶ್

ಒಂದು ತಕರಾರು. ನಾನು ಕ್ಲೌಡ್ ಮಶೀನ್‌ಗಳನ್ನು ನೋಡಿಕೊಳ್ಳುವವನು. ಅಲ್ಲಿ ಒಂದೇ ರೂಟ್ ಪಾರ್ಟಿಷನ್, ಡೇಟಾಗೆ ಬೇರೆ ಡಿಸ್ಕ್, ಅಷ್ಟೇ. ಏಳೆಂಟು ಪಾರ್ಟಿಷನ್ ಮಾಡಿದವರ ಮಶೀನ್‌ನಲ್ಲಿ ನಾನು ನೋಡಿದ್ದು ಏನು ಅಂದರೆ, ವಾರ್ ತುಂಬಿ ಎಲ್ಲಾ ನಿಂತಿರುತ್ತದೆ, ಪಕ್ಕದ ಹೋಮ್‌ನಲ್ಲಿ 90 ಪರ್ಸೆಂಟ್ ಖಾಲಿ. ಒಂದೇ ದೊಡ್ಡ ಪಾರ್ಟಿಷನ್ ಇದ್ದಿದ್ದರೆ ಅದು ತುಂಬುತ್ತಲೇ ಇರಲಿಲ್ಲ. ಬೇಲಿ ಜಾಸ್ತಿ ಹಾಕಿದಷ್ಟೂ ಬೇಲಿಗೆ ಗುದ್ದುವುದು ಜಾಸ್ತಿ. 80 ಪರ್ಸೆಂಟ್ ಮುಟ್ಟಿದಾಗ ಕೂಗುವ ಅಲರ್ಟ್ ಒಂದು ಇದ್ದರೆ ಈ ಬ್ಯಾಕಪ್ ಕಥೆ ಜನವರಿಯಲ್ಲೇ ಗೊತ್ತಾಗುತ್ತಿತ್ತು.

ಹಾಸನ_ರೂಟ್

ಅಲರ್ಟ್ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಲ್ಯಾಪ್‌ಟಾಪ್ ಆದರೆ ನಾನೂ ಒಂದೇ ಪಾರ್ಟಿಷನ್ ಹಾಕಿಕೊಳ್ಳುತ್ತೇನೆ. ಕ್ಲೌಡ್‌ನಲ್ಲಿ ಮಶೀನ್ ಕೆಟ್ಟರೆ ಬಿಸಾಕಿ ಇನ್ನೊಂದು ಎಬ್ಬಿಸುತ್ತೀರಿ, ಅಲ್ಲಿಗೆ ನಿಮ್ಮ ಲೆಕ್ಕ ಸರಿ.

ಇಲ್ಲಿ ಮಶೀನ್ ಒಂದೇ. ನೋಡುವವರು ಒಬ್ಬರೇ, ಅವರೂ ಸೀಸನ್‌ನಲ್ಲಿ ಲೆಕ್ಕ ಬರೆಯುತ್ತಿರುತ್ತಾರೆ. ಅಲರ್ಟ್ ಬಂದಾಗ ನೋಡಲು ಸಂಜೆಯಾಗಬಹುದು. ಒಂದು ಲೂಪ್‌ಗೆ ಸಿಕ್ಕ ಪ್ರೋಗ್ರಾಂ ನಿಮಿಷಕ್ಕೆ ಒಂದು ಜಿಬಿ ಲಾಗ್ ಬರೆದರೆ ಸಂಜೆಯವರೆಗೆ ಕಾಯುತ್ತದಾ? ಲಾಗ್‌ಗೆ 8 ಜಿಬಿ ಗೋಡೆ ಇದ್ದರೆ ಲಾಗ್ ನಿಲ್ಲುತ್ತದೆ, ತೂಕ ನಡೆಯುತ್ತದೆ. ಗೋಡೆಗೆ ಗುದ್ದಿದರೂ ಹಿಂದೆ 300 ಜಿಬಿ ಇದೆ. ನೀವು ಹೇಳಿದ ತೊಂದರೆ ನಿಜ, ಆದರೆ ಅದು ಎಲ್ಲವನ್ನೂ ಮೊದಲ ದಿನವೇ ಹಂಚಿ ಮುಗಿಸಿದವರ ತೊಂದರೆ.

ಒಂದೇ_ಸ್ಲ್ಯಾಶ್

ಸರಿ, ಖಾಲಿ ಜಾಗ ಹಿಂದೆ ಇದೆ ಅನ್ನುವುದಾದರೆ ನನ್ನ ತಕರಾರು ಅರ್ಧ ವಾಪಸ್. ಆದರೆ ಲಾಗ್‌ಗೆ ಗೋಡೆ ಬೇಕೇ ಬೇಕಾ? ಸಿಸ್ಟಮ್ ಲಾಗ್ ಬರೆಯುವ ಜರ್ನಲ್‌ಡಿ ತಾನಾಗಿಯೇ ಫೈಲ್ ಸಿಸ್ಟಮ್‌ನ 10 ಪರ್ಸೆಂಟ್ ಅಥವಾ 4 ಜಿಬಿ, ಯಾವುದು ಕಡಿಮೆಯೋ ಅಷ್ಟಕ್ಕೆ ನಿಲ್ಲುತ್ತದೆ. ಡೆಬಿಯನ್ 12ರಿಂದ ಹಳೆ ಲಾಗ್ ಪ್ರೋಗ್ರಾಂ ಆರ್‌ಸಿಸ್‌ಲಾಗ್ ಮೊದಲೇ ಹಾಕಿ ಬರುವುದೂ ಇಲ್ಲ.

ಹಾಸನ_ರೂಟ್

ಜರ್ನಲ್ ಪಾಪದ್ದು. ಪೋಸ್ಟ್‌ಗ್ರೆಸ್, ಸಾಂಬಾ, ವೆಬ್ ಸರ್ವರ್, ಆ ವೇ ಬ್ರಿಡ್ಜ್ ಸಾಫ್ಟ್‌ವೇರ್ ತಮ್ಮ ಲಾಗ್‌ಗಳನ್ನು ತಾವೇ ಬರೆಯುತ್ತವೆ. ಅದರಲ್ಲೂ ಯಾರೋ ಬರೆದುಕೊಟ್ಟ ಸಾಫ್ಟ್‌ವೇರ್‌ಗೆ ಲಾಗ್‌ರೊಟೇಟ್ (ಹಳೆ ಲಾಗ್ ಅಳಿಸುತ್ತಾ ಹೋಗುವುದು) ಅಂದರೆ ಏನು ಅಂತಲೂ ಗೊತ್ತಿರುವುದಿಲ್ಲ. ಪ್ರೋಗ್ರಾಂಗಳನ್ನು ಕಂಟೇನರ್‌ನಲ್ಲಿ ಓಡಿಸುವ ಡಾಕರ್ ಹಾಕಿದರೆ ಇನ್ನೂ ಕಷ್ಟ, ಅದರ ಜೇಸನ್ ಲಾಗ್‌ಗೆ ನಾವು ಹೇಳದೇ ಇದ್ದರೆ ಮಿತಿಯೇ ಇಲ್ಲ.

ಡಿಪ್ಲೊಮಾ_ಹುಡುಗ

ಅಣ್ಣ, ಎರಡು ಪ್ರಶ್ನೆ. ನಮ್ಮ ಲ್ಯಾಬ್ ಮ್ಯಾನುಯಲ್‌ನಲ್ಲಿ ‘/ಯುಎಸ್‌ಆರ್’ಗೂ (ಪ್ರೋಗ್ರಾಂಗಳಿರುವ ಫೋಲ್ಡರ್) ಬೇರೆ ಪಾರ್ಟಿಷನ್ ಮಾಡಿ ಅಂತ ಇದೆ, ನೀವು ಮಾಡಿಲ್ಲ. ಮತ್ತೆ ನನ್ನ 32 ಜಿಬಿ ಸ್ವಾಪ್ ಎಲ್ಲಿ ಹೋಯ್ತು?

ಹಾಸನ_ರೂಟ್

ಮ್ಯಾನುಯಲ್ ಹಳೇದು. 1970ರ ದಶಕದ ಮೊದಲಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಪಿಡಿಪಿ-11 ಕಂಪ್ಯೂಟರ್ ಮೇಲೆ ಯುನಿಕ್ಸ್ ಬೆಳೆಸುತ್ತಿದ್ದಾಗ ಡಿಸ್ಕ್ ಅಂದರೆ ತೀರಾ ಚಿಕ್ಕದು. ಆ ಕಾಲದ ಆರ್‌ಕೆ05 ಡಿಸ್ಕಿಗೆ ಹಿಡಿಯುತ್ತಿದ್ದದ್ದೇ ಎರಡೂವರೆ ಎಂಬಿ. ಈಗ ನಿನ್ನ ಫೋನಿನ ಒಂದು ಫೋಟೋ. ಬಳಕೆದಾರರ ಫೈಲ್‌ಗಳು ಯುಎಸ್‌ಆರ್‌ನಲ್ಲಿ, ಇನ್ನೊಂದು ಡಿಸ್ಕಿನಲ್ಲಿ ಇರುತ್ತಿದ್ದವು. ಸಿಸ್ಟಮ್ ಬೆಳೆದು ಮೊದಲ ಡಿಸ್ಕ್ ಸಾಲದಾದಾಗ ಪ್ರೋಗ್ರಾಂಗಳೂ ಅಲ್ಲಿಗೆ ಹೋದವು. ಆಮೇಲೆ ಡಿಸ್ಕ್ ದೊಡ್ಡದಾಯಿತು, ವಿಂಗಡಣೆ ಹಾಗೇ ಉಳಿಯಿತು. ಈಗಿನ ಡೆಬಿಯನ್‌ನಲ್ಲಿ ಬಿನ್, ಲಿಬ್ ಎಲ್ಲಾ ಯುಎಸ್‌ಆರ್ ಒಳಗೇ ಇವೆ, ಹೊರಗೆ ಕಾಣುವುದು ಬರೀ ಲಿಂಕ್. ಬೇರ್ಪಡಿಸಿದರೆ ಲಾಭ ಇಲ್ಲ, ಬೂಟ್ ಆಗುವಾಗ ಕೆಡಲು ಇನ್ನೊಂದು ಕಾರಣ ಸಿಗುತ್ತದೆ ಅಷ್ಟೇ.

ಸ್ವಾಪ್: ಎರಡರಷ್ಟು ಅನ್ನುವುದು ರ್‍ಯಾಮ್ ಎಂಬಿಗಳಲ್ಲಿ ಇದ್ದ ಕಾಲದ ಮಾತು. 16 ಜಿಬಿ ಇರುವ ಸರ್ವರ್‌ಗೆ 4 ಸಾಕು, 8 ಧಾರಾಳ. 32 ಜಿಬಿ ಸ್ವಾಪ್ ನಿಜವಾಗಿ ಬಳಕೆಯಾಗುವ ಹೊತ್ತಿಗೆ ಸರ್ವರ್ ಸತ್ತಿರುವುದೂ ಇಲ್ಲ, ಬದುಕಿರುವುದೂ ಇಲ್ಲ. ಲ್ಯಾಪ್‌ಟಾಪನ್ನು ಹೈಬರ್ನೇಟ್ ಮಾಡುವವರಿಗೆ ಮಾತ್ರ ರ್‍ಯಾಮ್‌ನಷ್ಟು ಬೇಕು.

ಬೇಲೂರು_ಬಿಎಸ್‌ಡಿ (ಬೇಲೂರು)

ಎಲ್ಲರೂ ಲಿನಕ್ಸ್ ಮಾತಾಡುತ್ತಿದ್ದೀರಿ, ನನ್ನದೂ ಒಂದು ಇರಲಿ. ನಾನು ಮನೆಯ ರೂಟರ್‌ಗೆ ಓಪನ್‌ಬಿಎಸ್‌ಡಿ (ಲಿನಕ್ಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಹಾಕಿದ್ದೇನೆ. ಅದರ ಇನ್‌ಸ್ಟಾಲರ್ ಕೇಳದೆಯೇ ಹಂಚಿಕೊಡುತ್ತದೆ. ಡಿಸ್ಕ್ ದೊಡ್ಡದಿದ್ದರೆ ರೂಟ್, ಟೆಂಪ್ (ತಾತ್ಕಾಲಿಕ ಫೈಲ್‌ಗಳಿಗೆ), ವಾರ್, ಯುಎಸ್‌ಆರ್, ಅದರ ಕೆಳಗೆ ಲೋಕಲ್, ಹೋಮ್ ಎಲ್ಲಾ ಬೇರೆ ಬೇರೆ. ಡಿಸ್ಕ್‌ಲೇಬಲ್‌ನಲ್ಲಿ (ಅದರ ಪಾರ್ಟಿಷನ್ ಪಟ್ಟಿ) ಎ ಅಂದರೆ ರೂಟ್, ಬಿ ಸ್ವಾಪ್, ಸಿ ಇಡೀ ಡಿಸ್ಕ್.

ಅಲ್ಲಿ ಯುಎಸ್‌ಆರ್ ಬೇರ್ಪಡಿಸುವುದಕ್ಕೆ ಕಾರಣ ಇದೆ. ಒಂದೊಂದಕ್ಕೂ ಬೇರೆ ಮೌಂಟ್ ನಿಯಮ ಹಾಕಬಹುದು. ಟೆಂಪ್ ಮತ್ತು ಹೋಮ್‌ಗೆ ‘ನೋಡೆವ್, ನೋಸೂಯಿಡ್’. ಹೋಮ್‌ನಲ್ಲಿ ಯಾರಾದರೂ ಸೂಯಿಡ್ ಫೈಲ್ (ಯಾರು ಓಡಿಸಿದರೂ ಅದರ ಒಡೆಯನ ಅಧಿಕಾರದಲ್ಲಿ ಓಡುವ ಪ್ರೋಗ್ರಾಂ) ತಂದಿಟ್ಟರೂ ಅದಕ್ಕೆ ಆ ಶಕ್ತಿ ಬರುವುದಿಲ್ಲ. ಲೆಕ್ಕದ ಅಣ್ಣ, ಇದನ್ನು ನೀವು ಡೆಬಿಯನ್‌ನಲ್ಲೂ ಮಾಡಬಹುದು, ಸಾಂಬಾ ಇರುವ ಕಡೆ ಖಂಡಿತ ಮಾಡಿ.

ಇನ್ನೊಂದು ಕಾರಣ ಕರೆಂಟು. ಓಪನ್‌ಬಿಎಸ್‌ಡಿ ಫೈಲ್ ಸಿಸ್ಟಮ್‌ಗೆ ಜರ್ನಲ್ (ಬದಲಾವಣೆಗಳನ್ನು ಮೊದಲೇ ಗುರುತು ಹಾಕಿಡುವ ಜಾಗ) ಇಲ್ಲ. ಕರೆಂಟು ಹಠಾತ್ ಹೋದರೆ ಫೈಲ್ ಸಿಸ್ಟಮ್ ಪರೀಕ್ಷಿಸುವ ಎಫ್‌ಎಸ್‌ಸಿಕೆ ಇಡೀ ಪಾರ್ಟಿಷನ್ ಓದಬೇಕು. ಚಿಕ್ಕ ರೂಟ್ ಬೇಗ ಮುಗಿಯುತ್ತದೆ. ಆದರೆ ಹಾಸನ ಸರ್ ಹೇಳಿದ ಎಲ್‌ವಿಎಂ ಸುಖ ಅಲ್ಲಿಲ್ಲ. ಗ್ರೋಎಫ್‌ಎಸ್ ಇದೆ, ಪಕ್ಕದಲ್ಲೇ ಖಾಲಿ ಜಾಗ ಇದ್ದರೆ ಮಾತ್ರ ಬೆಳೆಸುತ್ತದೆ. ಹಾಗಾಗಿ ಅಲ್ಲಿ ಮೊದಲ ಅಳತೆಯನ್ನೇ ಯೋಚಿಸಿ ಹಾಕಬೇಕು.

ಒಂದೇ_ಸ್ಲ್ಯಾಶ್

ಝಡ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ಹಾಕಿದರೆ ಈ ಜಗಳವೇ ಇಲ್ಲ. ಒಂದೇ ಪೂಲ್ (ಎಲ್ಲಕ್ಕೂ ಸೇರಿದ ಜಾಗ), ಪ್ರತಿ ಡೇಟಾಸೆಟ್‌ಗೆ (ಅದರೊಳಗಿನ ಭಾಗ) ಕೋಟಾ ಹಾಕಿದರೆ ಮೇಲಿನ ಮಿತಿ, ರಿಸರ್ವೇಶನ್ ಹಾಕಿದರೆ ಗ್ಯಾರಂಟಿ ಜಾಗ. ಎರಡೂ ಒಂದು ಸಾಲಿನ ಕಮಾಂಡ್, ಇಳಿಸಬಹುದು, ಏರಿಸಬಹುದು.

ಹಾಸನ_ರೂಟ್

ಒಳ್ಳೆಯದೇ. ಆದರೆ ಡೆಬಿಯನ್‌ನಲ್ಲಿ ಅದರ ಮಾಡ್ಯೂಲ್ ಪ್ರತಿ ಕರ್ನಲ್‌ಗೂ ಹೊಸದಾಗಿ ಬಿಲ್ಡ್ ಆಗಬೇಕು. ಒಬ್ಬರೇ ನೋಡುವ ಆಫೀಸಿಗೆ ನಾನು ಹೇಳಲ್ಲ. ಫ್ರೀಬಿಎಸ್‌ಡಿ ಆಗಿದ್ದರೆ ಬೇರೆ ಮಾತು.

ಅರಸೀಕೆರೆ_ಸರ್ವಿಸ್ (ಅರಸೀಕೆರೆ)

ನಾನು ಕಂಪ್ಯೂಟರ್ ರಿಪೇರಿ ಅಂಗಡಿಯವನು, ಪಾರ್ಟಿಷನ್ ಪಂಡಿತ ಅಲ್ಲ. ಆದರೆ ಬರುವ ಮಶೀನ್‌ಗಳಲ್ಲಿ ಜಾಸ್ತಿ ಕೆಟ್ಟಿರುವುದು ಕರೆಂಟಿಂದ. ಏಪ್ರಿಲ್, ಮೇ ಗುಡುಗು ಮಳೆ ಶುರುವಾದರೆ ಸಾಕು, ಪವರ್ ಸಪ್ಲೈಗಳು ಸಾಲಾಗಿ ಬರುತ್ತವೆ. ಮಲೆನಾಡಿನ ಕಡೆ ಜೂನ್‌ನಿಂದ ಮರ ಬಿದ್ದು ಲೈನ್ ಹೋಗುವುದು ಮಾಮೂಲು. ಇನ್ವರ್ಟರ್ ಇದೆ ಅಂತ ಸರ್ವರನ್ನು ಅದಕ್ಕೆ ಹಾಕುತ್ತಾರೆ. ಮನೆ ಇನ್ವರ್ಟರ್ ಬದಲಾಗುವಾಗ ಒಂದು ಸಣ್ಣ ಗ್ಯಾಪ್ ಇರುತ್ತದೆ, ಕೆಲವು ಮಶೀನ್ ತಡೆಯುತ್ತವೆ, ಕೆಲವು ರೀಸ್ಟಾರ್ಟ್ ಆಗುತ್ತವೆ. ಯುಎಸ್‌ಬಿ ಪೋರ್ಟ್ ಇರುವ ಯುಪಿಎಸ್ ತಗೊಳ್ಳಿ. ನಟ್ ಅಂತ ಸಾಫ್ಟ್‌ವೇರ್ ಇದೆಯಲ್ಲ, ಬ್ಯಾಟರಿ ಮುಗಿಯುವ ಮುಂಚೆ ಸರ್ವರನ್ನು ಅದೇ ಮಲಗಿಸುತ್ತದೆ. ಲ್ಯಾನ್ ಕೇಬಲ್ ಹೊರಗಿನಿಂದ ಬಂದಿದ್ದರೆ ಸಿಡಿಲು ಅದರಲ್ಲೂ ಬರುತ್ತದೆ, ಮರೆಯಬೇಡಿ.

ಮೂಡಿಗೆರೆ_ತೋಟ

ಜರ್ನಲ್ ಇದ್ದರೆ ಕರೆಂಟು ಹೋದರೂ ಏನೂ ಆಗಲ್ಲ ಅಂತ ಯಾರೋ ಹೇಳಿದ್ದರು? ನಾನು ತೋಟದ ಮಳೆ ಲೆಕ್ಕ, ಇಂಚು ಸೆಂಟಿನಲ್ಲಿ (ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು), ಒಂದು ಚಿಕ್ಕ ಲಿನಕ್ಸ್ ಬೋರ್ಡ್‌ನಲ್ಲಿ ಬರೆದಿಡುತ್ತೇನೆ.

ಹಾಸನ_ರೂಟ್

ಫೈಲ್ ಸಿಸ್ಟಮ್‌ನ ಕಟ್ಟು ಉಳಿಯುತ್ತದೆ. ಆ ಕ್ಷಣ ಬರೆಯುತ್ತಿದ್ದ ಫೈಲ್‌ನ ಒಳಗಿನದು ಉಳಿಯುತ್ತದೆ ಅಂತ ಗ್ಯಾರಂಟಿ ಇಲ್ಲ. ಮೆಮೊರಿ ಕಾರ್ಡ್‌ನಲ್ಲಿ ಓಡುವ ಬೋರ್ಡ್ ಆದರೆ ರೂಟನ್ನು ಬರೀ ಓದುವಂತೆ ಮೌಂಟ್ ಮಾಡಿ, ಮಳೆ ಲೆಕ್ಕಕ್ಕೆ ಮಾತ್ರ ಒಂದು ಚಿಕ್ಕ ಬರೆಯುವ ಪಾರ್ಟಿಷನ್ ಇಡಿ. ಜುಲೈನಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋದರೂ ಬೋರ್ಡ್ ಏಳುತ್ತದೆ.

ಡಿಪ್ಲೊಮಾ_ಹುಡುಗ

ನಮ್ಮೂರಲ್ಲಿ ಕೂತು ಇಸ್ರೋದ ಎಂಸಿಎಫ್‌ನವರು ಉಪಗ್ರಹ ನಡೆಸುತ್ತಾರೆ. ನಾವು ಇಲ್ಲಿ ಯುಎಸ್‌ಬಿ ಕೇಬಲ್ ಕಳಚಿದ್ದಕ್ಕೆ ಇಷ್ಟು ಬರೆದಿದ್ದೇವೆ 😄

ಇನೋಡ್ (ಫೈಲ್‌ನ ವಿವರ ಇಡುವ ನಮೂದು) ಬಗ್ಗೆ ಯಾರೂ ಹೇಳಲಿಲ್ಲ. ಲ್ಯಾಬ್‌ನಲ್ಲಿ ಒಮ್ಮೆ ಜಾಗ ಇದ್ದರೂ ‘ಜಾಗ ಇಲ್ಲ’ ಅಂತ ಬಂತು.

ಬೇಲೂರು_ಬಿಎಸ್‌ಡಿ

ಒಳ್ಳೆ ಪ್ರಶ್ನೆ ಪುಟ್ಟ. ಇಎಕ್ಸ್‌ಟಿ4ನಲ್ಲಿ ಪ್ರತಿ 16 ಕೆಬಿಗೆ ಒಂದು ಇನೋಡ್, ಅದು ಫಾರ್ಮ್ಯಾಟ್ ಮಾಡುವಾಗಲೇ ತೀರ್ಮಾನ. ಒಂದು ಫೈಲ್‌ಗೆ ಒಂದು ಇನೋಡ್. 8 ಜಿಬಿ ಪಾರ್ಟಿಷನ್ ಅಂದರೆ ಐದು ಲಕ್ಷ ಚಿಲ್ಲರೆ ಫೈಲ್, ಅಷ್ಟೇ. 300 ಕೆಬಿ ಫೋಟೋಗಳಿಗೆ ಯಾವತ್ತೂ ತೊಂದರೆ ಇಲ್ಲ. ಒಂದೊಂದು ಕೆಬಿಯ ಸೆಷನ್ ಫೈಲ್, ಹೋಗದೆ ಕೂತ ಮೇಲ್‌ಗಳು ಗುಡ್ಡೆ ಬಿದ್ದರೆ ತೊಂದರೆ. ‘ಡಿಎಫ್ -ಐ’ ಕೊಟ್ಟರೆ ಕಾಣುತ್ತದೆ. ಅಲರ್ಟ್ ಹಾಕುವಾಗ ಇದನ್ನೂ ಸೇರಿಸಿ.

ಕ್ಯೂರಿಂಗ್_ಲೆಕ್ಕ

ಎಲ್ಲಾ ಓದಿದೆ. ಸಿಸಿಟಿವಿ ಒಂದು ಉಳಿಯಿತು. ನಾಲ್ಕು ಕ್ಯಾಮೆರಾ, ಒಂದೊಂದೂ 4 ಎಂಬಿಪಿಎಸ್ ಅಂತ ಸೆಟ್ಟಿಂಗ್‌ನಲ್ಲಿ ಇದೆ.

ಒಂದೇ_ಸ್ಲ್ಯಾಶ್

ಸೆಕೆಂಡಿಗೆ 4 ಮೆಗಾಬಿಟ್ ಅಂದರೆ ಒಂದು ಕ್ಯಾಮೆರಾಗೆ ದಿನಕ್ಕೆ 43 ಜಿಬಿ. ನಾಲ್ಕಕ್ಕೆ 172. ನಿಮ್ಮ 2 ಟಿಬಿ ಪೂರ್ತಿ ಕೊಟ್ಟರೂ ಹನ್ನೊಂದು ದಿನ. ಮಾಲೀಕರಿಗೆ ಈ ಒಂದು ಸಾಲು ತೋರಿಸಿ.

ಕ್ಯೂರಿಂಗ್_ಲೆಕ್ಕ

ತೋರಿಸಿದೆ. ಸಿಸಿಟಿವಿಗೆ ಬೇರೆ ರೆಕಾರ್ಡರ್ ತರಿಸುತ್ತಾರಂತೆ. ಇದರಲ್ಲಿ ಬೇಡ ಅಂದರು.

ಹೊಸ ಮಶೀನ್‌ಗೆ ಕೊನೆಗೆ ಹಾಕಿದ್ದು: ಇಎಫ್‌ಐ 1, ಬೂಟ್ 1, ರೂಟ್ 30, ವಾರ್ 20, ಲಾಗ್ 8, ಪೋಸ್ಟ್‌ಗ್ರೆಸ್ 80, ಹೋಮ್ 10, ಸ್ವಾಪ್ 4. ಪೋಸ್ಟ್‌ಗ್ರೆಸ್‌ಗೆ ಮಾತ್ರ ಸ್ವಲ್ಪ ಧಾರಾಳ ಮಾಡಿದ್ದೇನೆ. ಟೆಂಪ್ ಬೇರೆ ಮಾಡಿಲ್ಲ, ಡೆಬಿಯನ್ 13 ಅದನ್ನು ರ್‍ಯಾಮ್‌ನಲ್ಲೇ ಇಡುತ್ತದೆ, ಹೆಚ್ಚೆಂದರೆ ಅರ್ಧ ರ್‍ಯಾಮ್. ರೇಡ್ ಮೇಲೆ ಫೋಟೋ ಮತ್ತು ಸಾಂಬಾಗೆ 500, ಡಂಪ್‌ಗೆ 200, ಸಾಂಬಾಗೆ ‘ನೋಸೂಯಿಡ್’. ‘/ಬ್ಯಾಕಪ್’ ಫೋಲ್ಡರ್‌ಗೆ ಆ ಐ ಬೀಗ ಹಾಕಿ, ಯುಎಸ್‌ಬಿ ಕೇಬಲ್ ಕಿತ್ತು ಸ್ಕ್ರಿಪ್ಟ್ ಓಡಿಸಿದೆ. ಅಲ್ಲೇ ನಿಂತು ಫೋನಿಗೆ ಮೆಸೇಜ್ ಕಳಿಸಿತು.

ಭಾನುವಾರ ವೇ ಬ್ರಿಡ್ಜ್ ರಜೆ, ಅವತ್ತು ಬದಲಾಯಿಸುತ್ತೇನೆ. ಹಳೆ ಮಶೀನ್‌ನ 154 ಜಿಬಿ ಈಗ ಅಳಿಸಬಹುದಾ?

ಹಾಸನ_ರೂಟ್

ಬೇಡ! ಡಿಸೆಂಬರ್‌ನಿಂದ ಈಚೆಗೆ ನಿಮ್ಮ ಹತ್ತಿರ ಇರುವ ಬ್ಯಾಕಪ್ ಅಂದರೆ ಅದೊಂದೇ. ಕೊನೆಯ ಪೂರ್ತಿ ಕಾಪಿಯನ್ನು ಯುಎಸ್‌ಬಿಗೆ ಹಾಕಿಕೊಂಡು, ಹೊಸ ಮಶೀನ್‌ನಲ್ಲಿ ರೀಸ್ಟೋರ್ ಮಾಡಿ ಒಂದು ಬಿಲ್ ತೆರೆದು ನೋಡಿ. ಅರ್ಧಕ್ಕೆ ನಿಂತ ಆ ಕೊನೆಯ ರಾತ್ರಿಯದ್ದನ್ನು ತೆಗೆದುಕೊಳ್ಳಬೇಡಿ.

ಕ್ಯೂರಿಂಗ್_ಲೆಕ್ಕ

ಮಾಡಿದೆ ಸರ್. ಜನವರಿಯ ಬಿಲ್‌ಗಳು, ಬೆಳೆಗಾರರ ಖಾತೆ ಬಾಕಿ ಎಲ್ಲಾ ಬಂದಿವೆ. ಪೋಸ್ಟ್‌ಗ್ರೆಸ್ ಪಾರ್ಟಿಷನ್‌ನಲ್ಲಿ ಈಗ ಬಳಕೆ 9 ಜಿಬಿ.

ಮೂಡಿಗೆರೆ_ತೋಟ

ಆ ಮೆಸೇಜ್ ಕಳಿಸುವ ಸ್ಕ್ರಿಪ್ಟ್ ಇಲ್ಲಿ ಹಾಕಿ ಮಾರಾಯ್ರೇ, ನಮಗೂ ಬೇಕು.